ಬರ್ತೀನಿ ಅಂದ ಮೇಲೆ

ನಿವೃತ್ತಿ ಹತ್ತಿರವಾದ ಗೆಳೆಯರು, ಐಟಿ ಕಂಪನಿಗಳಲ್ಲಿರುವ ಪರಿಚಯದ ಹುಡುಗ ಹುಡುಗಿಯರು ಆಗಾಗ ಒಂದು ಪ್ರಶ್ನೆ ತರುತ್ತಾರೆ. ‘ವಾರಕ್ಕೆ ಒಂದೆರಡು ಗಂಟೆ ಬಿಡುವಿದೆ. ಯಾರಾದರೂ ಬಡ ಹುಡುಗನಿಗೆ ಮೆಂಟರ್ ಆಗೋಣ ಅಂತಿದ್ದೀನಿ. ಎಲ್ಲಿಗೆ ಹೋಗಲಿ?’ ಅವರಿಗೆ ಬೇಕಿರುವುದು ಒಂದು ಸಂಸ್ಥೆಯ ಹೆಸರು, ಒಂದು ಫೋನ್ ನಂಬರು. ನಾನು ತಿರುಗಿ ಕೇಳುತ್ತೇನೆ: ‘ಮುಂದಿನ ವರ್ಷ ಈ ಹೊತ್ತಿಗೆ ಇದೇ ಊರಲ್ಲಿ ಇರ್ತೀರಾ?’ ಕೆಲವರ ಮುಖ ಸಣ್ಣಗಾಗುತ್ತದೆ. ದಾನ ಕೊಡಲು ಬಂದವನ ಜೇಬು ತಡಕಿದ ಹಾಗೆ ಅನಿಸುತ್ತದೋ ಏನೋ. ಆದರೂ ಈ ಪ್ರಶ್ನೆಯನ್ನು ಮೊದಲೇ ಕೇಳಿಬಿಡುವುದು ಒಳ್ಳೆಯದು.

ಒಬ್ಬ ಹಿರಿಯ, ಒಬ್ಬ ಕಿರಿಯ. ರಕ್ತಸಂಬಂಧವಿಲ್ಲ, ಸಂಬಳವಿಲ್ಲ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಭೇಟಿ, ಕಡಿಮೆಯೆಂದರೆ ಒಂದು ವರ್ಷ. ಕೇಳಲು ಇಷ್ಟೇ. ಶಾಲೆಯ ಗೋಡೆಗೆ ಬಣ್ಣ ಬಳಿಯುವುದು, ನೋಟ್‌ಬುಕ್ ಹಂಚುವುದು, ಸಸಿ ನೆಡುವುದು ಒಂದು ದಿನದ ಕೆಲಸ. ಸಂಜೆ ಫೋಟೊ ಹಾಕಿ ಮರೆತುಬಿಟ್ಟರೆ ಗೋಡೆಗೇನೂ ಬೇಸರವಿಲ್ಲ. ಇಲ್ಲಿ ಎದುರಿಗೆ ಕೂತಿರುವುದು ಹದಿನಾರು ವರ್ಷದ ಜೀವ. ಮುಂದಿನ ಶನಿವಾರ ಬರ್ತೀನಿ ಅಂದರೆ ಅದು ಶನಿವಾರಕ್ಕೆ ಕಾಯುತ್ತದೆ. ನಾವು ಮರೆತ ಶನಿವಾರವನ್ನು ಅದು ಮರೆಯುವುದಿಲ್ಲ.

ಹೀಗೆ ಒಬ್ಬರಿಗೊಬ್ಬರು ಜೊತೆಯಾಗುವುದನ್ನು ಒಂದು ವ್ಯವಸ್ಥೆಯಾಗಿ ಕಟ್ಟಿ, ಅದರಿಂದ ಏನಾಯಿತೆಂದು ಲೆಕ್ಕ ಇಟ್ಟು ನೋಡಿದವರಲ್ಲಿ ಅಮೆರಿಕದವರೇ ಮುಂದು. 1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದ ಅರ್ನೆಸ್ಟ್ ಕೋಲ್ಟರ್‌ಗೆ ದಿನಾ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಸಾಕಾಗಿತ್ತು. ಒಂದು ಚರ್ಚಿನ ಗಂಡಸರ ಕೂಟಕ್ಕೆ ಹೋಗಿ, ನೀವು ಒಬ್ಬೊಬ್ಬರು ಒಬ್ಬೊಬ್ಬ ಹುಡುಗನ ಸ್ನೇಹ ಮಾಡಿ ಎಂದು ಕೇಳಿಕೊಂಡ. ಸುಮಾರು ನಲವತ್ತು ಜನ ಕೈ ಎತ್ತಿದರು. ಅದೇ ‘ಬಿಗ್ ಬ್ರದರ್ಸ್’ ಆಯಿತು. ಹುಡುಗಿಯರಿಗಾಗಿ ಬೇರೆ ನಡೆಯುತ್ತಿದ್ದ ‘ಬಿಗ್ ಸಿಸ್ಟರ್ಸ್’ ಜೊತೆ 1977ರಲ್ಲಿ ಒಂದುಗೂಡಿತು. ದೊಡ್ಡಣ್ಣ, ದೊಡ್ಡಕ್ಕ ಎಂಬ ಹೆಸರಿನಲ್ಲೇ ಸಂಬಂಧದ ಬಗೆ ಗೊತ್ತಾಗುತ್ತದೆ. ಇವರು ಪಾಠ ಹೇಳುವವರೂ ಅಲ್ಲ, ಅಪ್ಪ ಅಮ್ಮನೂ ಅಲ್ಲ.

ಇದರಿಂದ ನಿಜಕ್ಕೂ ಉಪಯೋಗವಿದೆಯೇ? 1995ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಸಂಸ್ಥೆಯ ಎಂಟು ಶಾಖೆಗಳಿಗೆ ಅರ್ಜಿ ಹಾಕಿದ್ದ, 10ರಿಂದ 16 ವರ್ಷದ 959 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಕೂಡಲೇ ಮೆಂಟರ್ ಹುಡುಕಲು ತೊಡಗಿದರು, ಇನ್ನೊಂದನ್ನು ಹದಿನೆಂಟು ತಿಂಗಳು ಕಾಯುವ ಪಟ್ಟಿಯಲ್ಲಿಟ್ಟರು. ಕೊನೆಗೆ ನೋಡಿದಾಗ ಮೊದಲ ಗುಂಪಿನವರು ಮಾದಕ ವಸ್ತು ಮುಟ್ಟಲು ಶುರು ಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆಯಿತ್ತು, ಕುಡಿತ ಆರಂಭಿಸುವ ಸಾಧ್ಯತೆ ಶೇ 27ರಷ್ಟು ಕಡಿಮೆ. ಶಾಲೆಗೆ ಚಕ್ಕರ್ ಹೊಡೆಯುವುದು ಅರ್ಧಕ್ಕೆ ಇಳಿದಿತ್ತು. ಮೆಂಟರ್‌ಗಳಲ್ಲಿ ಹೆಚ್ಚಿನವರು ಮಾದಕ ವಸ್ತುವಿನ ಬಗ್ಗೆ ಭಾಷಣ ಮಾಡಿದವರಲ್ಲ. ಬಂದರು, ಜೊತೆಗೆ ಆಡಿದರು, ತಿಂದರು, ಮಾತಾಡಿದರು, ಹೋದರು. ಮತ್ತೆ ಬಂದರು.

ಆ ಮತ್ತೆ ಬರುವುದರಲ್ಲೇ ಎಲ್ಲ ಇದೆ. ಅದೇ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಇಬ್ಬರು ಸಂಶೋಧಕಿಯರು ಮತ್ತೆ ಕೆದಕಿ, 2002ರಲ್ಲಿ ಇನ್ನೊಂದು ಪ್ರಬಂಧ ಬರೆದರು. ಈ ಸಲ ಅವರು ನೋಡಿದ್ದು ಜೋಡಿಗಳು ಎಷ್ಟು ಕಾಲ ಉಳಿದವು ಎಂಬುದನ್ನು. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಲಾಭ ಎದ್ದು ಕಾಣುತ್ತಿತ್ತು. ಆರೇಳು ತಿಂಗಳಿಗೆ ಮುಗಿದವುಗಳಲ್ಲಿ ಅಷ್ಟಕ್ಕಷ್ಟೆ. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳ ಮಕ್ಕಳು ಮೆಂಟರೇ ಸಿಗದೆ ಕಾಯುತ್ತಿದ್ದವರಿಗಿಂತ ಹಿಂದೆ ಬಿದ್ದಿದ್ದರು. ತಮ್ಮ ಬಗ್ಗೆ ತಮಗಿದ್ದ ಗೌರವ ಕುಗ್ಗಿತ್ತು, ಓದಿನಲ್ಲಿ ತಾವು ಕೈಲಾಗದವರು ಎಂಬ ಭಾವನೆ ಬೆಳೆದಿತ್ತು. ಇದಕ್ಕೆ ದೊಡ್ಡ ಮನಶ್ಶಾಸ್ತ್ರವೇನೂ ಬೇಕಿಲ್ಲ. ಮನೆಯಲ್ಲಿ ಒಬ್ಬರಾದರೂ ಬಿಟ್ಟುಹೋಗಿರುವ ಹುಡುಗನಿಗೆ ಮತ್ತೊಬ್ಬರು ಬಂದು, ನಕ್ಕು, ಹೆಸರು ಕೇಳಿ, ನಾಲ್ಕು ವಾರದ ಮೇಲೆ ಮಾಯವಾದರೆ ಅವನು ದೂರುವುದು ಅವರನ್ನಲ್ಲ, ತನ್ನನ್ನೇ. ನನ್ನಲ್ಲೇ ಏನೋ ಐಬಿರಬೇಕು ಅಂದುಕೊಳ್ಳುತ್ತಾನೆ.

ಹಾಗಾಗಿ ವರ್ಗಾವಣೆಯ ನಿರೀಕ್ಷೆಯಲ್ಲಿರುವವರು, ವೀಸಾ ಅರ್ಜಿ ಹಾಕಿ ಕೂತವರು, ಹೆರಿಗೆಗೆ ತವರಿಗೆ ಹೊರಡಲಿರುವವರು, ಮನೆಯಲ್ಲಿ ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತಿರುವವರು ಈ ವರ್ಷ ಬೇಡ ಎಂದು ನಾನು ನೇರವಾಗಿ ಹೇಳುತ್ತೇನೆ. ಒಳ್ಳೆಯ ಮನಸ್ಸಿಗೆ ಕೊರತೆಯಿಲ್ಲದ ಊರು ನಮ್ಮದು. ಕೊರತೆ ಇರುವುದು ಶನಿವಾರಗಳಿಗೆ.

ಸರಿ, ಬಂದು ಕೂತ ಮೇಲೆ ಏನು ಮಾಡಬೇಕು? ಮೊದಲ ಕೆಲವು ಭೇಟಿಗಳಲ್ಲಿ ಏನೂ ಆಗುವುದಿಲ್ಲ. ‘ಹೇಗಿದೀಯಪ್ಪಾ?’ ‘ಚೆನ್ನಾಗಿದೀನಿ ಸರ್.’ ‘ಓದು ಹೇಗೆ ನಡೀತಿದೆ?’ ‘ಚೆನ್ನಾಗಿ ನಡೀತಿದೆ ಸರ್.’ ಆಮೇಲೆ ಇಬ್ಬರೂ ಫ್ಯಾನ್ ನೋಡುತ್ತಾ ಕೂರುವುದು. ಈ ಘಟ್ಟದಲ್ಲಿ ಹೊಸಬರು ದಿಗಿಲುಬಿದ್ದು ಉಪದೇಶಕ್ಕೆ ಇಳಿಯುತ್ತಾರೆ. ಗುರಿ ಇರಬೇಕು, ಸಮಯ ಪಾಲನೆ ಇರಬೇಕು, ಮೊಬೈಲ್ ಕಡಿಮೆ ಮಾಡಬೇಕು, ಅಬ್ದುಲ್ ಕಲಾಂ ಬೀದಿದೀಪದಲ್ಲಿ ಓದಿದ್ದರು. (ಯಾರು ಬೀದಿದೀಪದಲ್ಲಿ ಓದಿದರು ಎಂಬ ಪಟ್ಟಿ ನಮ್ಮಲ್ಲಿ ಎಷ್ಟು ಉದ್ದವಿದೆಯೆಂದರೆ, ಆ ಕಾಲದ ಬೀದಿಗಳಲ್ಲಿ ಓಡಾಡಲು ಜಾಗವಿತ್ತೇ ಎಂದು ಅನುಮಾನ ಬರುತ್ತದೆ.) ಹುಡುಗ ತಲೆಯಾಡಿಸುತ್ತಾನೆ. ಇದನ್ನೆಲ್ಲ ಅವನು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿಯೇ ಬಂದಿರುತ್ತಾನೆ.

ನನ್ನ ಪರಿಚಯದ ಒಬ್ಬರು ಬ್ಯಾಂಕಿನಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದವರು. ಅವರಿಗೆ ಸಿಕ್ಕಿದ್ದು ಸರ್ಕಾರಿ ಪಿಯು ಕಾಲೇಜಿನ ಹುಡುಗ, ಗಾರೆ ಕೆಲಸದವರ ಮಗ. ‘ಚೆನ್ನಾಗಿದೀನಿ ಸರ್’ ಎಂಬಲ್ಲಿಂದ ಮಾತು ಮುಂದಕ್ಕೇ ಹೋಗಿರಲಿಲ್ಲ. ಒಂದು ದಿನ ಅವನ ಬಾಯಿಂದ ಅಚಾನಕ್ಕಾಗಿ ಬಂತು: ಹಿಂದಿನ ವರ್ಷದ ಸ್ಕಾಲರ್‌ಶಿಪ್ ಬಂದೇ ಇಲ್ಲ, ಗೆಳೆಯರಿಗೆಲ್ಲ ಬಂದಿದೆ. ಯಾಕೆ ಎಂದರೆ ಗೊತ್ತಿಲ್ಲ. ಯಾರನ್ನು ಕೇಳಿದೆ ಎಂದರೆ ಯಾರನ್ನೂ ಇಲ್ಲ. ಇಬ್ಬರೂ ಕೂತು ಸರ್ಕಾರಿ ಸ್ಕಾಲರ್‌ಶಿಪ್‌ಗಳ ಎಸ್‌ಎಸ್‌ಪಿ ಪೋರ್ಟಲ್ ತೆರೆದರು. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಸರಿಯಿತ್ತು. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಬ್ಯಾಂಕ್ ಖಾತೆಗೆ ಆಧಾರ್ ಕೊಟ್ಟಿದ್ದರೂ ಸರ್ಕಾರದ ಹಣ ಬೀಳಲು ಬೇಕಾದ ಎನ್‌ಪಿಸಿಐ ಜೋಡಣೆ ಆಗಿರಲಿಲ್ಲ. ಬ್ಯಾಂಕಿನವರಿಗೆ ಇದು ಒಂದು ಫಾರಂನ ಕೆಲಸ. ಹುಡುಗನಿಗೆ ಅದು ಒಂದು ವರ್ಷ ಕಾಡಿದ ಒಗಟು.

ಆಮೇಲೆ ಅವರು ಮಾಡಿದ್ದೇ ನನಗೆ ಮುಖ್ಯವಾಗಿ ಕಾಣುತ್ತದೆ. ಬ್ಯಾಂಕಿಗೆ ಜೊತೆಯಲ್ಲಿ ಹೋದರು, ಕೌಂಟರಿನ ಮುಂದೆ ಮಾತ್ರ ಒಂದು ಹೆಜ್ಜೆ ಹಿಂದೆ ನಿಂತರು. ತಮ್ಮ ಪರಿಚಯ ಹೇಳಿಕೊಂಡಿದ್ದರೆ ಒಳಗೆ ಕರೆದು ಟೀ ಕೊಟ್ಟು ಐದು ನಿಮಿಷದಲ್ಲಿ ಮುಗಿಸಿಕೊಡುತ್ತಿದ್ದರು. ಹೇಳಿಕೊಳ್ಳಲಿಲ್ಲ. ಹುಡುಗ ತೊದಲುತ್ತಾ ವಿಷಯ ಹೇಳಿದ. ಒಳಗಿನವರು ತಲೆ ಎತ್ತದೆ ‘ಸೋಮವಾರ ಬಾ’ ಅಂದರು. ಹುಡುಗ ತಿರುಗಿ ಇವರ ಮುಖ ನೋಡಿದ. ಇವರು ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ಒಂದು ಗಳಿಗೆ ಸುಮ್ಮನಿದ್ದು ಹುಡುಗ ಮತ್ತೆ ಕೌಂಟರಿಗೆ ಬಗ್ಗಿ ಕೇಳಿದ: ‘ಸೋಮವಾರ ಯಾರನ್ನ ಕೇಳಬೇಕು ಸರ್? ಫಾರಂ ಇವತ್ತೇ ಕೊಟ್ರೆ ತುಂಬಿಸ್ಕೊಂಡು ಬರ್ತೀನಿ.’ ಫಾರಂ ಸಿಕ್ಕಿತು.

ಓದಿದ ಮನೆಗಳ ಮಕ್ಕಳಿಗೆ ಈ ಎರಡನೇ ಪ್ರಶ್ನೆ ತಾನಾಗಿ ಬರುತ್ತದೆ. ಇಲ್ಲ ಅಂದವರನ್ನು ಮತ್ತೆ ಕೇಳಬಹುದು, ಅದರಲ್ಲಿ ಅವಮಾನವಿಲ್ಲ ಎಂಬುದನ್ನು ಅವರು ಅಪ್ಪ ಅಮ್ಮನ ಬೆನ್ನಿಗೆ ನಿಂತು ನೋಡಿ ಕಲಿತಿರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಅಂಥದ್ದನ್ನು ನೋಡುವ ಅವಕಾಶವೇ ಸಿಕ್ಕಿರುವುದಿಲ್ಲ. ಸಿಇಟಿ ಸೀಟು ಹಂಚಿಕೆ ಬಂದಾಗ ನೋಡಿ. ಮೊದಲ ಸುತ್ತಿನ ಸೀಟು ಕೈಗೆ ಬಂದ ಮೇಲೆ ಚಾಯ್ಸ್ ಒಂದು, ಎರಡು, ಮೂರು, ನಾಲ್ಕು ಎಂದು ಒತ್ತಬೇಕು. ಒಂದು ಒತ್ತಿದರೆ ಇದೇ ಸಾಕು, ಸೇರುತ್ತೇನೆ ಎಂದರ್ಥ. ಎರಡಾದರೆ ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಮುಂದಿನ ಸುತ್ತಿಗೆ ಕಾಯುತ್ತೇನೆ ಎಂದು. ಮೂರಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ಕೈಗೆ ಬಂದ ಸೀಟು ಬಿಟ್ಟುಕೊಡಲು ಒಂದು ಗುಂಡಿ ಸಾಕು. ನಗರದ ಅಪಾರ್ಟ್‌ಮೆಂಟುಗಳಲ್ಲಿ ಈ ಒಂದು ನಿರ್ಧಾರಕ್ಕೆ ಅಪ್ಪ, ಅಮ್ಮ, ಚಿಕ್ಕಪ್ಪ, ಕೋಚಿಂಗ್ ಮೇಷ್ಟ್ರು ಎಲ್ಲ ಸೇರಿ ಸಭೆ ನಡೆಸುತ್ತಾರೆ. ಗಾರೆ ಕೆಲಸದವರ ಮಗ ಸೈಬರ್ ಸೆಂಟರಿನವನನ್ನು ಕೇಳಿ ಒತ್ತುತ್ತಾನೆ. ಮೆಂಟರ್ ಬೇಕಾಗುವುದು ಇಲ್ಲಿ. ಕನಸು ಕಾಣು ಎಂದು ಹೇಳುವುದಕ್ಕಲ್ಲ.

ಇದು ಹೊರಗಿನಿಂದ ಬಂದ ಸರಕು ಎಂದು ಯಾರೂ ಮೂಗು ಮುರಿಯಬೇಕಿಲ್ಲ. ನಮ್ಮಲ್ಲಿ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದಿದವರ ಒಂದು ತಲೆಮಾರೇ ಹಳೇ ಮೈಸೂರಿನಲ್ಲಿ ಬೆಳೆಯಿತು. ಒಬ್ಬರಿಗೊಬ್ಬರು ಎಂಬ ಅರ್ಥದಲ್ಲಿ ಇನ್ನೂ ಹತ್ತಿರದ ನಿದರ್ಶನಗಳಿವೆ. ಕುವೆಂಪು ಅವರಿಗೆ ಕನ್ನಡದಲ್ಲಿ ಬರೆಯಿರಿ ಎಂದು ಹೇಳಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಕತೆ ಎಲ್ಲರಿಗೂ ಗೊತ್ತು. ಅದು ಒಂದು ಭೇಟಿಯ ಮಾತು. ಕಾಯಿಲೆ ಬಿದ್ದ ವಿದ್ಯಾರ್ಥಿಯನ್ನು ಮೈಸೂರಿನ ರಾಮಕೃಷ್ಣ ಆಶ್ರಮಕ್ಕೆ ಕರೆದೊಯ್ದು ತನ್ನವನನ್ನಾಗಿ ನೋಡಿಕೊಂಡ ಗೋಪಾಲ ಮಹಾರಾಜರು, ಅಂದರೆ ಸ್ವಾಮಿ ಸಿದ್ಧೇಶ್ವರಾನಂದರು, ಮತ್ತು ಗುರುವಾಗಿ ಬೆನ್ನಿಗೆ ನಿಂತ ಟಿ.ಎಸ್. ವೆಂಕಣ್ಣಯ್ಯನವರು ಮಾಡಿದ್ದು ವರ್ಷಗಟ್ಟಲೆಯ ಕೆಲಸ. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರು ಹೋದ ಹತ್ತು ವರ್ಷದ ಮೇಲೆ ಹೊರಬಂದ ‘ಶ್ರೀ ರಾಮಾಯಣ ದರ್ಶನಂ’ ಅವರಿಗೇ ಅರ್ಪಿತವಾಯಿತು. ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದದ್ದು ಒಬ್ಬ ಮೇಷ್ಟ್ರನ್ನು ನಂಬಿಕೊಂಡು. ಮುಂದೆ ಅವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ದಶಕಗಟ್ಟಲೆ ಬದುಕಿ ಎಷ್ಟೋ ಹುಡುಗರಿಗೆ ಆ ಮೇಷ್ಟ್ರಾದರು.

ಆದರೆ ಈ ಪರಂಪರೆಯನ್ನು ಹೊಗಳುವಾಗ ಅದರ ಬೇಲಿಯನ್ನೂ ನೋಡಬೇಕು. ವಾರಾನ್ನದ ಎಲೆ ಯಾವ ಜಾತಿಯ ಹುಡುಗನ ಮುಂದೆ ಬೀಳುತ್ತಿತ್ತು ಎಂದು ಕೇಳಿದರೆ ಉತ್ತರ ಗೊತ್ತೇ ಇದೆ. ಜಾತಿ ಸಂಘಗಳ ಹಾಸ್ಟೆಲುಗಳು, ಮಠಗಳ ಪ್ರಸಾದ ನಿಲಯಗಳು ಲಕ್ಷಾಂತರ ಮಕ್ಕಳನ್ನು ಓದಿಸಿವೆ, ನಿಜ. ಅಲ್ಲೂ ಅವರವರ ಮಕ್ಕಳಿಗೆ ಅವರವರ ಹಿರಿಯರು ಸಿಕ್ಕಿದ್ದೇ ಹೆಚ್ಚು. ದಲಿತ ಮಕ್ಕಳಿಗೆ ಶಾಲೆ ತೆರೆದ ಮಂಗಳೂರಿನ ಕುದ್ಮುಲ್ ರಂಗರಾಯರಂತೆ ಬೇಲಿ ದಾಟಿದವರು ತಮ್ಮವರಿಂದಲೇ ಹೊರಗಾದರು. ಹುಡುಗಿಯರ ಮಾತಂತೂ ದೂರವೇ ಉಳಿಯಿತು. ಇವತ್ತು ಮಧ್ಯೆ ಒಂದು ಸಂಸ್ಥೆ ಕೂತು, ಪರಸ್ಪರ ಪರಿಚಯವೇ ಇಲ್ಲದ ಇಬ್ಬರನ್ನು ಜೋಡಿಸುವುದರಲ್ಲಿ ನನಗೆ ಕಾಣುವ ದೊಡ್ಡ ಲಾಭ ಇದು: ಆ ಹುಡುಗಿಯ ಮನೆಗೂ ಈ ಅಕ್ಕನ ಮನೆಗೂ ಮದುವೆ, ನಾಮಕರಣ, ದೇವಸ್ಥಾನ ಯಾವುದರಲ್ಲೂ ಭೇಟಿಯಾಗುವ ಸಂದರ್ಭವೇ ಇರಲಿಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ಶುರುವಾದ ಮೆಂಟರ್ ಟುಗೆದರ್ ಮಾಡುತ್ತಿರುವುದು ಇದನ್ನೇ. ಮೊಬೈಲ್ ಆ್ಯಪ್ ಮೂಲಕ ದೂರದ ಊರಿನವರನ್ನೂ ಜೋಡಿಸುವ ವ್ಯವಸ್ಥೆ ಅವರಲ್ಲಿದೆ. ಕನ್ನಡದಲ್ಲೇ ಮನಸ್ಸು ಬಿಚ್ಚುವ ರಾಯಚೂರಿನ ಹುಡುಗಿಗೆ ಶಿವಮೊಗ್ಗದ ನಿವೃತ್ತ ಉಪನ್ಯಾಸಕಿ ಸಿಗುವಂತಾದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಮಾತಾಡಿಸುವ ಎಂಜಿನಿಯರ್ ಎದುರು ಅವಳು ಅರ್ಧ ಗಂಟೆ ವ್ಯಾಕರಣದ ಚಿಂತೆಯಲ್ಲೇ ಕಳೆಯುತ್ತಾಳೆ. ಕನ್ನಡ ಬಲ್ಲ ಸ್ವಯಂಸೇವಕರು ಮುಂದೆ ಬರಬೇಕಾದ ಜಾಗ ಇದು.

ಯಾರಿಗೆ ಮೆಂಟರ್ ಆಗಬೇಕು ಎಂಬ ವಿಷಯದಲ್ಲಿ ನಮ್ಮ ಅಭ್ಯಾಸವೊಂದು ನನಗೆ ಸರಿಕಾಣುವುದಿಲ್ಲ. ನಮಗೆ ಬೇಕಿರುವುದು ‘ಬಡ ಪ್ರತಿಭಾವಂತ’. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 95 ತೆಗೆದ ಕೂಲಿಕಾರರ ಮಗಳಿಗೆ ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ ಫೋಟೊ, ಸಂಘದಿಂದ ಪ್ರತಿಭಾ ಪುರಸ್ಕಾರ, ಶಾಸಕರಿಂದ ಶಾಲು, ಯಾವುದೋ ಟ್ರಸ್ಟಿನಿಂದ ಲ್ಯಾಪ್‌ಟಾಪ್. ಸಿಗಲಿ, ಸಂತೋಷ. ಪಕ್ಕದ ಬೆಂಚಿನಲ್ಲಿ ಶೇ 52 ತೆಗೆದವಳ ಹೆಸರನ್ನು ಯಾರೂ ಕೇಳುವುದಿಲ್ಲ. ಜರ್ಮನಿಯಲ್ಲಿ ‘ರಾಕ್ ಯುವರ್ ಲೈಫ್’ ಎಂಬ ಕಾರ್ಯಕ್ರಮವಿದೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿನ ಕೆಳ ಹಂತದ ಶಾಲೆಗಳ ಹದಿಹರೆಯದವರಿಗೆ ಒಬ್ಬರಿಗೊಬ್ಬರಂತೆ ಮೆಂಟರ್ ಆಗುತ್ತಾರೆ. ಹತ್ತು ನಗರಗಳ 308 ಮಕ್ಕಳ ಮೇಲೆ ಅರ್ಥಶಾಸ್ತ್ರಜ್ಞರು ಪ್ರಯೋಗ ಮಾಡಿ ನೋಡಿದರು. ಮನೆಯ ಪರಿಸ್ಥಿತಿ ತೀರಾ ಹಿಂದುಳಿದಿದ್ದ ಮಕ್ಕಳಲ್ಲಿ ಗಣಿತದ ಅಂಕ, ತಾಳ್ಮೆ, ಮುಂದಿನ ಕೆಲಸದ ಬಗೆಗಿನ ತಯಾರಿ ಎಲ್ಲ ಸುಧಾರಿಸಿತು. ಅಷ್ಟೇನೂ ತೊಂದರೆಯಿಲ್ಲದ ಮನೆಯ ಮಕ್ಕಳಿಗೆ ಲಾಭವಾಗಲಿಲ್ಲ. ಅವರಿಗೆ ಬೇಕಾದದ್ದು ಮನೆಯಲ್ಲೇ ಇತ್ತು. ನಾವಾದರೋ ಈಗಾಗಲೇ ಹತ್ತು ಕೈಗಳು ಎತ್ತಿ ಹಿಡಿದಿರುವವಳಿಗೆ ಹನ್ನೊಂದನೆಯ ಕೈ ಚಾಚುತ್ತೇವೆ. ಫೋಟೊ ಚೆನ್ನಾಗಿ ಬರುತ್ತದೆ.

ಯಾರೂ ಕೇಳದವರ ಪಟ್ಟಿಯಲ್ಲಿ ಮೊದಲಿಗೆ ನಿಲ್ಲುವವರು ಬಾಲಮಂದಿರ, ಅನಾಥಾಲಯಗಳಿಂದ ಹದಿನೆಂಟು ತುಂಬಿ ಹೊರಬೀಳುವ ಮಕ್ಕಳು. 2015ರ ಬಾಲನ್ಯಾಯ ಕಾಯ್ದೆ ಅವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಯ, ಅಂದರೆ ಹೊರಬಂದ ಮೇಲಿನ ಆರೈಕೆಯ, ಮಾತಾಡುತ್ತದೆ, ಹಣಕಾಸಿನ ನೆರವು ಕೊಡಬಹುದು ಎನ್ನುತ್ತದೆ. ಕಾಗದದ ಮೇಲೆ ಇಷ್ಟಾದರೂ ಇರುವುದು ಒಳ್ಳೆಯದೇ. ಆದರೆ ಪಿ.ಜಿ.ಗೆ ಸೇರುವಾಗ, ಕೆಲಸಕ್ಕೆ ಹೋಗುವಾಗ, ಆಸ್ಪತ್ರೆಯಲ್ಲಿ ಅಡ್ಮಿಟ್ ಆಗುವಾಗ ಫಾರಂನಲ್ಲಿ ಒಂದು ಖಾಲಿ ಜಾಗವಿರುತ್ತದೆ: ಲೋಕಲ್ ಗಾರ್ಡಿಯನ್, ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರು. ಆ ಜಾಗದಲ್ಲಿ ಬರೆಯಲು ಒಂದು ಹೆಸರಿಲ್ಲದ ಹತ್ತೊಂಬತ್ತರ ಹುಡುಗಿಗೆ ಮೆಂಟರ್ ಆಗುವುದೆಂದರೆ ಮುಖ್ಯವಾಗಿ ಆ ಹೆಸರಾಗುವುದು, ರಾತ್ರಿ ಫೋನ್ ಬಂದರೆ ಎತ್ತುವುದು.

ಇಲ್ಲಿಗೆ ಬರುವಷ್ಟರಲ್ಲಿ ಓದುಗರಿಗೆ, ಪ್ರೀತಿಯಿಂದ ಮಾಡಿದರೆ ಎಲ್ಲ ಒಳ್ಳೆಯದೇ ಆಗುತ್ತದೆ ಅನಿಸಿದ್ದರೆ ಒಂದು ಹಳೆಯ ಪ್ರಯೋಗದ ಕತೆ ಕೇಳಬೇಕು. 1939ರಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರ ಯೋಜನೆಯಂತೆ 506 ಹುಡುಗರನ್ನು ಎರಡು ಸಮ ಗುಂಪು ಮಾಡಿದರು. ಒಂದು ಗುಂಪಿನ ಪ್ರತಿ ಹುಡುಗನಿಗೂ ಒಬ್ಬ ಸಲಹೆಗಾರ. ಮನೆಗೆ ಬರುವುದು, ಪಾಠಕ್ಕೆ ನೆರವು, ವೈದ್ಯರಲ್ಲಿಗೆ ಕರೆದೊಯ್ಯುವುದು, ಬೇಸಿಗೆ ಶಿಬಿರಕ್ಕೆ ಕಳಿಸುವುದು ಎಲ್ಲ ಇತ್ತು. ಸರಾಸರಿ ಐದು ವರ್ಷ ನಡೆಯಿತು, 1945ರಲ್ಲಿ ನಿಂತಿತು. ಮೂವತ್ತು ವರ್ಷದ ಮೇಲೆ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು, ಆಗ ನಡುವಯಸ್ಸಿನ ಗಂಡಸರನ್ನು, ಹುಡುಕಿ ತೆಗೆದರು. ನೆರವು ಪಡೆದವರಲ್ಲಿ ಮೂರನೇ ಎರಡು ಭಾಗದಷ್ಟು ಜನ ನಮಗೆ ಅದರಿಂದ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆ ಹೇಳಿದವು. ಮತ್ತೆ ಮತ್ತೆ ಅಪರಾಧ ಮಾಡಿದವರು, ಕುಡಿತಕ್ಕೆ ಬಿದ್ದವರು, ಬೇಗ ಸತ್ತವರು ನೆರವು ಪಡೆದವರ ಗುಂಪಿನಲ್ಲೇ ಹೆಚ್ಚಿದ್ದರು. 1978ರಲ್ಲಿ ಇದು ಪ್ರಕಟವಾದಾಗ ಸಮಾಜಸೇವೆಯ ವಲಯದಲ್ಲಿ ಯಾರಿಗೂ ನುಂಗಿಕೊಳ್ಳಲಾಗಲಿಲ್ಲ.

ಹೀಗೇಕಾಯಿತು ಎಂಬುದಕ್ಕೆ ಹಲವು ಊಹೆಗಳಿವೆ. ಹೊರಗಿನವರ ಮೇಲೆ ಅವಲಂಬನೆ ಬೆಳೆಸಿ ಥಟ್ಟನೆ ಕೈಬಿಟ್ಟದ್ದು ಒಂದು. ಸಿಗಲಾರದ ಬದುಕಿನ ಆಸೆ ಹುಟ್ಟಿಸಿದ್ದು ಇನ್ನೊಂದು. ನನಗೆ ಹೆಚ್ಚು ಸರಿಯೆನಿಸುವುದು ಶಿಬಿರಗಳ ವಿಷಯ: ದುಷ್ಪರಿಣಾಮ ಎದ್ದು ಕಂಡದ್ದು ಒಂದಕ್ಕಿಂತ ಹೆಚ್ಚು ಸಲ ಬೇಸಿಗೆ ಶಿಬಿರಕ್ಕೆ ಹೋದವರಲ್ಲಿ. ಪುಂಡ ಹುಡುಗರನ್ನೆಲ್ಲ ಒಂದೆಡೆ ಕೂಡಿಹಾಕಿದರೆ ಅವರು ಶಿಬಿರದ ಅಧಿಕಾರಿಗಳಿಂದಲ್ಲ, ಒಬ್ಬರಿಂದೊಬ್ಬರು ಕಲಿಯುತ್ತಾರೆ. ನಮ್ಮ ಹಾಸ್ಟೆಲುಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಪ್ರಯೋಗ ನನಗೆ ಮುಖ್ಯವಾಗುವುದು ಬೇರೆ ಕಾರಣಕ್ಕೆ. ಹುಡುಗ ನಗುತ್ತಾ ಥ್ಯಾಂಕ್ಸ್ ಸರ್ ಅಂದ ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ. ಈಚಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದವರೂ ಮೆಂಟರಿಂಗ್‌ನಿಂದ ಲಾಭವಿದೆ, ಆದರೆ ಅದು ಸಾಧಾರಣ ಮಟ್ಟದ್ದು ಎಂದೇ ಹೇಳುತ್ತಾರೆ. ಒಬ್ಬರ ಬದುಕನ್ನೇ ಬದಲಾಯಿಸಿಬಿಡುತ್ತೇನೆ ಎಂದು ಬರುವವರಿಗಿಂತ ಸ್ಕಾಲರ್‌ಶಿಪ್ ಫಾರಂ ತುಂಬಿಸುತ್ತೇನೆ ಎಂದು ಬರುವವರ ಮೇಲೆ ನನಗೆ ಹೆಚ್ಚು ಭರವಸೆ.

ಇನ್ನು ಮನೆಯವರ ಸಂಗತಿ. ಒಂದು ದಿನ ತಾಯಿ ಕೇಳಿಯೇ ಕೇಳುತ್ತಾಳೆ: ‘ತಪ್ಪು ತಿಳ್ಕೋಬೇಡಿ ಮೇಡಂ, ನಿಮಗೆ ಇದರಿಂದ ಏನ್ ಸಿಗುತ್ತೆ?’ ನಾಲ್ಕು ಮನೆಯ ಮುಸುರೆ ತಿಕ್ಕಿ ಮಗಳನ್ನು ಓದಿಸುವ ಹೆಂಗಸಿಗೆ, ಬಿಟ್ಟಿ ಬರುವ ಯಾವುದರ ಮೇಲೂ ನಂಬಿಕೆಯಿಲ್ಲ. ಅವಳ ಅನುಭವ ಅವಳಿಗೆ ಕಲಿಸಿದ್ದು ಸರಿಯಾಗಿಯೇ ಇದೆ. ಈ ಪ್ರಶ್ನೆಗೆ ಮುನಿಸಿಕೊಳ್ಳದೆ, ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಕೊಟ್ಟ ಕಾಫಿ ಕುಡಿದು, ತಾನು ಯಾರು, ಎಲ್ಲಿ ಕೆಲಸ, ಮನೆಯಲ್ಲಿ ಯಾರ‍್ಯಾರಿದ್ದಾರೆ, ಮಗಳ ಜೊತೆ ಏನು ಮಾತಾಡುತ್ತೇನೆ ಎಂದೆಲ್ಲ ಹೇಳಿಕೊಂಡ ಮೆಂಟರ್ ಅರ್ಧ ಗೆದ್ದಂತೆ. ರೋಡ್ಸ್ ಮತ್ತು ಸಂಗಡಿಗರು 2000ದಲ್ಲಿ ಬರೆದ ಪ್ರಬಂಧವೊಂದರಲ್ಲಿ ಸ್ವಾರಸ್ಯದ ಸಂಗತಿಯಿದೆ: ಮೆಂಟರ್‌ನಿಂದ ಓದಿನಲ್ಲಿ ಆದ ಸುಧಾರಣೆಯ ದೊಡ್ಡ ಭಾಗ ಹುಡುಗ ಮತ್ತು ಅವನ ಹೆತ್ತವರ ಸಂಬಂಧ ಸುಧಾರಿಸಿದ್ದರಿಂದ ಬಂದದ್ದು. ಅಂದರೆ ಹೊರಗಿನವರು ಮಾಡಿದ ಒಳ್ಳೆಯದು ಮನೆಯ ಬಾಗಿಲಿನಿಂದಲೇ ಒಳಗೆ ಬಂತು. ‘ನಿಮ್ಮಪ್ಪನಿಗೆ ಗೊತ್ತಾಗಲ್ಲ ಬಿಡು’ ಎಂದು ಬಾಯ್ತಪ್ಪಿ ಅನ್ನುವ ಮೆಂಟರ್ ತಾನು ಕೂತ ಕೊಂಬೆಯನ್ನೇ ಕಡಿಯುತ್ತಿದ್ದಾರೆ.

ದುಡ್ಡು ಕೊಡಬಾರದು ಎಂಬ ನಿಯಮ ಬಹುತೇಕ ಎಲ್ಲ ಸಂಸ್ಥೆಗಳಲ್ಲೂ ಇದೆ, ಮತ್ತು ಬಹುತೇಕ ಎಲ್ಲರಿಗೂ ಇದನ್ನು ಪಾಲಿಸುವುದು ಕಷ್ಟ. ಎರಡು ಸಾವಿರ ಫೀಸು ಕಟ್ಟಲಾಗದೆ ಹಾಲ್ ಟಿಕೆಟ್ ತಡೆಹಿಡಿದಿದ್ದಾರೆ ಎಂದಾಗ ಎದುರಿಗಿರುವ ಮನುಷ್ಯನ ಕೈ ಪರ್ಸಿಗೆ ಹೋಗುವುದು ಸಹಜ. ಆದರೆ ಒಮ್ಮೆ ಕೊಟ್ಟರೆ ಮುಂದಿನ ಶನಿವಾರ ಹುಡುಗ ಬರುವುದು ಸಾಲಗಾರನಾಗಿ, ಅಥವಾ ಬರುವುದೇ ಇಲ್ಲ. ಮನೆಯವರಿಗೂ ಮೆಂಟರ್ ಎಂದರೆ ಸಾಹುಕಾರ ಎಂದಾಗುತ್ತದೆ. ಸಂಸ್ಥೆಯ ಸಂಯೋಜಕರಿಗೆ ಕೂಡಲೇ ತಿಳಿಸಿ, ಬೇರೆ ದಾರಿಯಿಂದ ಆ ಹಣ ಹೊಂದಿಸುವುದು ಸರಿಯಾದ ಕ್ರಮ. ಫೀಸು ಯಾರು ಕಟ್ಟಿದರು ಎಂದು ಹುಡುಗನಿಗೆ ಗೊತ್ತಾಗದಿದ್ದರೆ ಇನ್ನೂ ಒಳ್ಳೆಯದು.

ಉಳಿದ ನಿಯಮಗಳು ಬೇಸರ ತರಿಸುವಂಥವು, ಆದರೆ ಬಿಡುವಂಥವಲ್ಲ. ಭೇಟಿ ಕಾಲೇಜಿನಲ್ಲೋ ಗ್ರಂಥಾಲಯದಲ್ಲೋ ನಾಲ್ಕು ಜನ ಕಾಣುವ ಕಡೆ. ಒಂಟಿ ಕೋಣೆ ಬೇಡ, ನಿಮ್ಮ ಮನೆಯೂ ಬೇಡ. ಹುಡುಗಿಯ ಫೋಟೊ ನಿಮ್ಮ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಬೇಡವೇ ಬೇಡ. ‘ಯಾರಿಗೂ ಹೇಳಲ್ಲ, ಹೇಳು’ ಎಂಬ ಮಾತನ್ನು ಎಂದೂ ಕೊಡಬಾರದು. ಹದಿನೆಂಟರೊಳಗಿನ ಮಗು ತನ್ನ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತಿದೆ ಎಂದು ಹೇಳಿದರೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮುಚ್ಚಿಟ್ಟರೆ ಅದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಎಂಬುದು ಮೆಂಟರ್ ಫೋನಿನಲ್ಲಿ ಮೊದಲೇ ಇರಬೇಕು.

ಮುಗಿಸುವುದನ್ನು ಯಾರೂ ಕಲಿಸುವುದಿಲ್ಲ. ಒಂದು ವರ್ಷ ಎಂದು ಒಪ್ಪಿಕೊಂಡಿದ್ದರೆ ಹತ್ತನೇ ತಿಂಗಳಲ್ಲೇ ಆ ಮಾತು ತೆಗೆಯಬೇಕು. ‘ಏಪ್ರಿಲ್ ಕೊನೆಯ ಶನಿವಾರ ನಮ್ಮ ಲೆಕ್ಕದ ಕೊನೆಯ ಭೇಟಿ. ಅಷ್ಟರೊಳಗೆ ಏನೇನು ಮುಗಿಸ್ಕೋಬೇಕು ಹೇಳು.’ ಮುಂದೆಯೂ ಫೋನ್ ಮಾಡಬಹುದೇ, ಎಷ್ಟು ಹೊತ್ತಿಗೆ, ಯಾವ ವಿಷಯಕ್ಕೆ ಎಂದು ಅಂದೇ ಬಿಡಿಸಿ ಹೇಳಬೇಕು. ಸಿಗ್ತಾ ಇರೋಣ ಎಂದು ತೇಲಿಸಿ ಹೊರಟು, ಆಮೇಲೆ ಅವನ ಕರೆ ಕಟ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು. ನಡುವೆ ಊರು ಬಿಡಲೇಬೇಕಾಗಿ ಬಂದರೆ ಮೆಸೇಜಿನಲ್ಲಿ ಅಲ್ಲ, ಮುಖತಃ ಹೇಳಬೇಕು. ಕಾರಣ ನಿನ್ನಿಂದಲ್ಲ, ನನ್ನ ಕೆಲಸದಿಂದ ಎಂದು ಬಾಯಿಬಿಟ್ಟು ಹೇಳಬೇಕು. ಅವನಿಗೆ ಗೊತ್ತಿರುತ್ತದೆ ಬಿಡಿ ಎಂದುಕೊಳ್ಳಬಾರದು, ಗೊತ್ತಿರುವುದಿಲ್ಲ.

ವರ್ಷ ಕೊಡಲಾಗದವರಿಗೆ ಮಾಡಲು ಕೆಲಸ ಬೇಕಾದಷ್ಟಿದೆ. ಅಂಧ ವಿದ್ಯಾರ್ಥಿಗಳಿಗೆ ಕನ್ನಡ ಪಠ್ಯ ಓದಿ ರೆಕಾರ್ಡ್ ಮಾಡಿಕೊಡಬಹುದು, ಸರ್ಕಾರಿ ಕಾಲೇಜಿನಲ್ಲಿ ಒಂದು ದಿನ ಅಣಕು ಸಂದರ್ಶನ ನಡೆಸಬಹುದು, ಸಿಇಟಿ ಹೊತ್ತಿನಲ್ಲಿ ಒಂದು ವಾರ ಸಹಾಯ ಕೇಂದ್ರದಲ್ಲಿ ಕೂರಬಹುದು. ಇವುಗಳಲ್ಲಿ ಯಾರೂ ನಿಮ್ಮ ಹೆಸರು ಹಿಡಿದು ಕಾಯುವುದಿಲ್ಲ. ವರ್ಷ ಕೊಡುತ್ತೇನೆ ಎನ್ನುವವರು ಸಂಸ್ಥೆಯನ್ನು ಆರಿಸುವಾಗ ಒಂದನ್ನು ಗಮನಿಸಿ. ಅರ್ಜಿ ಹಾಕಿದ ದಿನವೇ ಒಬ್ಬ ಹುಡುಗಿಯನ್ನು ನಿಮ್ಮ ಮುಂದೆ ತಂದು ಕೂರಿಸಿದರೆ ಅಲ್ಲಿಂದ ಎದ್ದು ಬನ್ನಿ. ಗುರುತಿನ ಚೀಟಿ, ಇಬ್ಬರು ಪರಿಚಿತರ ಹೆಸರು, ಪೊಲೀಸ್ ಪರಿಶೀಲನೆ, ಸಂದರ್ಶನ, ತರಬೇತಿ ಎಂದು ತಿಂಗಳುಗಟ್ಟಲೆ ಸತಾಯಿಸಿ, ಕೊನೆಗೆ ‘ಮುಂದಿನ ವರ್ಷ ಈ ಊರಲ್ಲೇ ಇರ್ತೀರಾ?’ ಎಂದು ಕೇಳುವವರು ಸಿಕ್ಕಿದರೆ ಅಲ್ಲೇ ಸೇರಿಕೊಳ್ಳಿ.